ಹೀಟರ್ ಹಚ್ಚುವ ಮುಂಚೆ ಗೋಡೆ ನೋಡಿ

ಕಾರ್ತೀಕ ಮುಗಿದು ಎಳ್ಳಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಕೊಪ್ಪಳ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಹೀಟರ್ ಕೆಳಗಿಳಿಯುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಕೆಟ್ಟಿಗೆ ಇಳಿಬಿಡುವ ನೀರಿನ ಕಾಯಿಲ್ ಬಗ್ಗೆ, ಕೆಲವು ಕೋಣೆ ಬೆಚ್ಚಗಿಡುವ ರೂಮ್ ಹೀಟರ್ ಬಗ್ಗೆ. ಬಹುತೇಕರು ಕೇಳಿದ್ದು ಯಾವ ಹೀಟರ್ ಕೊಳ್ಳಬೇಕೆಂದು. ಅದನ್ನು ಸಿಕ್ಕಿಸುವ ಪ್ಲಗ್ ಪಾಯಿಂಟ್ ಹೇಗಿರಬೇಕೆಂದು ಹೆಚ್ಚಿನವರು ಕೇಳಿಲ್ಲ. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಅದೇ ಆಗಬೇಕು. ಹಾಗಾಗಿ ಅದಕ್ಕೆ ಹತ್ತಿರದ ಪತ್ರದಿಂದಲೇ ಶುರು ಮಾಡುತ್ತೇನೆ.

ಝಳಕಕ್ಕ ನೀರು ಕಾಯಿಸಾಕ ಕಾಯಿಲ್ ಹಾಕ್ತೀವ್ರಿ. ಸ್ಟೀಲ್ ಬಕೆಟ್ ಮುಟ್ಟಿದ್ರ ಕೈ ಝುಂ ಅಂತದ. ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರ ಏನೂ ಆಗಂಗಿಲ್ಲ ಅಂತಾರ ನಮ್ಮನಿಯವ್ರು. ಪ್ಲಾಸ್ಟಿಕ್ ಬಕೆಟ್ ತಂದ್ರ ಸಾಕಾಗ್ತದೇನ್ರಿ?
— ಗೃಹಿಣಿ, ಹನುಮಸಾಗರ, ಕುಷ್ಟಗಿ ತಾಲ್ಲೂಕು

ಅಕ್ಕಾವ್ರೇ, ಆ ಕಾಯಿಲನ್ನು ಇವತ್ತೇ ತೆಗೆದಿಡಿ. ಚಪ್ಪಲಿಯೂ ಬೇಡ, ಪ್ಲಾಸ್ಟಿಕ್ ಬಕೆಟ್ಟೂ ಬೇಡ. ಕೈ ಝುಂ ಅಂದರೆ ನಿಮ್ಮ ಮನೆಯಲ್ಲಿ ಒಂದಲ್ಲ, ಎರಡು ತೊಂದರೆ ಇವೆ ಎಂದು ತಿಳಿಯಿರಿ.

ಕಾಯಿಲಿನ ಹೊರಗೆ ಕಾಣುವುದು ಲೋಹದ ಕೊಳವೆ. ಅದರೊಳಗೆ ನೈಕ್ರೋಮ್ ತಂತಿ ಸುರುಳಿಯಾಗಿ ಕೂತಿದೆ. ಎರಡರ ನಡುವೆ ಬಿಳಿ ಪುಡಿ ತುಂಬಿರುತ್ತದೆ, ಮೆಗ್ನೀಷಿಯಂ ಆಕ್ಸೈಡ್. ಈ ಪುಡಿ ಬಿಸಿಯನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಕೊಳವೆಗೆ ಎಲ್ಲಾದರೂ ಸಣ್ಣ ಬಿರುಕು ಬಿದ್ದು ನೀರು ಒಳಗೆ ಹೋದರೆ ಪುಡಿ ಹಸಿಯಾಗಿ ಕರೆಂಟನ್ನೂ ಬಿಡತೊಡಗುತ್ತದೆ. ಕೊಳವೆಗೆ ಬಂದದ್ದು ನೀರಿಗೆ, ನೀರಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ನಿಮಗೆ. ಇದು ಮೊದಲ ತೊಂದರೆ. ಹೀಗೆ ಸೋರಿದ ಕರೆಂಟನ್ನು ನಿಮ್ಮ ಮೈಗಿಂತ ಸುಲಭವಾದ ದಾರಿಯಲ್ಲಿ ನೆಲಕ್ಕೆ ಒಯ್ಯಲಿಕ್ಕೇ ಅರ್ಥಿಂಗ್ ತಂತಿ ಇರುವುದು. ನಿಮ್ಮ ಕೈಗೆ ತಾಕುತ್ತಿದೆ ಎಂದಾದರೆ ಆ ದಾರಿ ಕಡಿದಿದೆ, ಇಲ್ಲವೇ ಮೊದಲಿನಿಂದಲೂ ಇಲ್ಲ. ಎರಡನೆಯದು ಇದು, ದೊಡ್ಡದೂ ಇದೇ. ಹೊಸ ಕಾಯಿಲ್ ತಂದರೆ ಮೊದಲನೆಯದು ಹೋಗುತ್ತದೆ, ಇದು ಹೋಗುವುದಿಲ್ಲ.

ಪ್ಲಾಸ್ಟಿಕ್ ಬಕೆಟ್ ತಂದರೆ ಹೊರಗಿನಿಂದ ಮುಟ್ಟಿದಾಗ ಏನೂ ಅನಿಸುವುದಿಲ್ಲ. ಆದರೆ ಒಳಗಿನ ನೀರಿನಲ್ಲಿ ಕರೆಂಟ್ ಹಾಗೆಯೇ ಇರುತ್ತದೆ. ನೀರು ಕಾದಿದೆಯೋ ಇಲ್ಲವೋ ನೋಡಲು ಬೆರಳು ಅದ್ದಿದಾಗ, ಅಥವಾ ಸ್ಟೀಲ್ ತಂಬಿಗೆ ಮುಳುಗಿಸಿದಾಗ ಗೊತ್ತಾಗುತ್ತದೆ. ಬಚ್ಚಲ ನೆಲ ಹಸಿ, ಕಾಲು ಬರಿಗಾಲು. ಮುನ್ಸೂಚನೆ ಕೊಡುತ್ತಿದ್ದ ಝುಂ ಕೂಡ ಇಲ್ಲವಾಗುತ್ತದೆ, ಅಷ್ಟೇ.

ಈಗ ಮಾಡಬೇಕಾದದ್ದು. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಮೇಲಿನದು ದಪ್ಪ, ಉದ್ದ. ಅದೇ ಅರ್ಥ್. ಒಳಗೆ ಹೋಗುವಾಗ ಎಲ್ಲಕ್ಕಿಂತ ಮೊದಲು ಸೇರಲಿ, ಹೊರಗೆ ಬರುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದೇ ಅದಕ್ಕೆ ಆ ಉದ್ದ. ನಮ್ಮ ಊರುಗಳಲ್ಲಿ ಎರಡು ತೂತಿನ ಬೋರ್ಡಿಗೆ ಹೊಂದಲೆಂದು ಅದನ್ನು ಕಿತ್ತು ಬಿಸಾಕಿರುವುದನ್ನು, ಪ್ಲಗ್ಗೇ ಇಲ್ಲದೆ ತಂತಿಯ ತುದಿ ಸುಲಿದು ಬೆಂಕಿಕಡ್ಡಿ ಒತ್ತಿ ನಿಲ್ಲಿಸಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಎರಡೂ ಸಾವಿಗೆ ಬಾಗಿಲು ತೆರೆದಿಟ್ಟ ಹಾಗೆ.

ಪಿನ್ ಸರಿಯಿದ್ದರೂ ಬೋರ್ಡಿನ ಹಿಂದಿನ ಹಸಿರು ತಂತಿ ನೆಲಕ್ಕೆ ಹೋಗಿದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಟೆಸ್ಟ್ ಮಾಡಿಸಿ. ಮಾಡಿಸುವಾಗ ಒಂದು ಮಾತು ಕೇಳಲೇಬೇಕು: "ಅರ್ಥನ್ನ ನ್ಯೂಟ್ರಲ್‌ಗೆ ಕೂಡಿಸಿಲ್ಲ ಹೌದಲ್ಲೋ?" ಅರ್ಥಿಂಗ್ ಗುಂಡಿ ತೋಡುವ ಖರ್ಚು ಉಳಿಸಲು ಕೆಲವರು ಪ್ಲಗ್ ಪಾಯಿಂಟಿನ ಒಳಗೇ ಎರಡನ್ನೂ ಒಂದು ತುಂಡು ತಂತಿಯಿಂದ ಜೋಡಿಸಿಬಿಡುತ್ತಾರೆ. ಟೆಸ್ಟ್ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಆದರೆ ಕಂಬದ ಕಡೆಯ ನ್ಯೂಟ್ರಲ್ ಕಡಿದ ದಿನ ಕಾಯಿಲ್, ಫ್ರಿಜ್, ಗಿರಣಿ, ಲೋಹದ ಮೈ ಇರುವ ಎಲ್ಲದಕ್ಕೂ ಪೂರ್ತಿ 230 ವೋಲ್ಟ್ ಬರುತ್ತದೆ. ನಳದ ಪೈಪಿಗೆ ಅರ್ಥ್ ಕಟ್ಟುವ ಹಳೆಯ ರೂಢಿಯೂ ಈಗ ನಡೆಯದು, ಪೈಪೆಲ್ಲ ಪಿವಿಸಿ ಆಗಿದೆ.

ನಿಮ್ಮ ಕಡೆ ನೆಲ ಗಟ್ಟಿ, ಎಷ್ಟೋ ಕಡೆ ಮೊಳದ ಆಳಕ್ಕೇ ಕಲ್ಲು ಸಿಗುತ್ತದೆ. ಕಲ್ಲು ಸಿಕ್ಕಿತೆಂದು ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸಲು ಬಿಡಬೇಡಿ, ಜಾಗ ಬದಲಿಸಿ ತೋಡಿಸಿ. ಬಚ್ಚಲ ನೀರು ಹರಿಯುವ ಕಡೆ ಇದ್ದರೆ ಒಳ್ಳೆಯದು. ಇದ್ದಿಲು, ಉಪ್ಪು ಹಾಕಿದ ಗುಂಡಿಯೂ ಬೇಸಿಗೆಯಲ್ಲಿ ಒಣಗಿ ಕೆಲಸ ಬಿಡುತ್ತದೆ, ಆಗಾಗ ಒಂದು ಕೊಡ ನೀರು ಹೊಯ್ಯಿರಿ.

ಇದರ ಜೊತೆಗೆ ಮೀಟರಿನ ಪಕ್ಕ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿ. ನಿಮ್ಮಲ್ಲಿ ಈಗಾಗಲೇ ಎಂಸಿಬಿ ಇರಬಹುದು. ಅದು ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ಮೈಯೊಳಗೆ ಹರಿದು ಜೀವ ತೆಗೆಯುವ ಕರೆಂಟ್ ಎಂಸಿಬಿಗೆ ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟನ್ನೂ ತಿರುಗಿ ಬಂದ ಕರೆಂಟನ್ನೂ ತೂಗಿ ನೋಡುತ್ತದೆ. ಸ್ವಲ್ಪ ಕಡಿಮೆ ಬಂದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಬೆಲೆ ಸುಮಾರು 2 ಸಾವಿರ ರೂಪಾಯಿ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಹೊಸ ಹೀಟರಿಗೆ ಎತ್ತಿಟ್ಟ ದುಡ್ಡು ಇದ್ದರೆ ಮೊದಲು ಇದಕ್ಕೆ ಹಾಕಿ.

ಕೊನೆಗೆ ಕೈಯ ಕ್ರಮ. ಮನೆಯ ಎಲ್ಲರಿಗೂ, ಮಕ್ಕಳಿಗೂ ಇದು ಬಾಯಿಪಾಠ ಆಗಬೇಕು. ಮೊದಲು ನೀರು ತುಂಬಿ, ಆಮೇಲೆ ಕಾಯಿಲ್ ಇಳಿಸಿ, ಆಮೇಲೆ ಪ್ಲಗ್, ಕೊನೆಗೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಕಾಯಿಲ್ ಎತ್ತುವುದು. ಸ್ವಿಚ್ ಆರಿಸಿದ ಮೇಲೆ ಒಂದು ನಿಮಿಷ ನೀರಲ್ಲೇ ಬಿಡಿ, ಕೊಳವೆ ತಣಿಯಲಿ. ನೀರಿಗೆ ಬೆರಳು ಹಾಕುವುದು ಪ್ಲಗ್ ಕಿತ್ತ ಮೇಲೆ ಮಾತ್ರ. ಸ್ವಿಚ್ ಆರಿಸಿದ್ದು ಸಾಲದು, ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ಆಗ ಸ್ವಿಚ್ ಆರಿಸಿದರೂ ಕಾಯಿಲಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಗೃಹಜ್ಯೋತಿಯಲ್ಲಿ ಇಷ್ಟು ದಿನ ಸೊನ್ನೆ ಬಿಲ್ ಬರುತ್ತಿತ್ತು. ಚಳಿಗಾಲಕ್ಕೆ 1500 ವ್ಯಾಟ್‌ನ ಕಾಯಿಲ್ ತಂದ ತಿಂಗಳೇ ದುಡ್ಡು ಕಟ್ಟಬೇಕಾಯಿತು. ಮನೆಯಲ್ಲಿ ನಾಲ್ಕು ಜನ. ಗ್ಯಾಸಿನ ಮೇಲೆ ಕಾಯಿಸುವುದು ಅಗ್ಗವೇ?
— ಅಕ್ಕಿ ಗಿರಣಿ ನೌಕರ, ಗಂಗಾವತಿ

ಲೆಕ್ಕ ಹಾಕಿ ನೋಡೋಣ. ಡಿಸೆಂಬರ್ ಬೆಳಗ್ಗೆ ಟ್ಯಾಂಕಿನ ನೀರು ಸುಮಾರು 22 ಡಿಗ್ರಿ ಇದೆ ಎಂದುಕೊಳ್ಳಿ. ಸ್ನಾನಕ್ಕೆ 42 ಡಿಗ್ರಿ ಸಾಕು. 20 ಲೀಟರಿನ ಒಂದು ಬಕೆಟ್ ಅಷ್ಟು ಕಾಯಲು ಅರ್ಧ ಯೂನಿಟ್‌ಗಿಂತ ತುಸು ಕಡಿಮೆ ಬೇಕು. ಸುತ್ತಲ ಗಾಳಿಗೆ ಹೋಗುವುದನ್ನು ಸೇರಿಸಿ ಅರ್ಧ ಯೂನಿಟ್ ಎಂದಿಟ್ಟುಕೊಳ್ಳಿ. ನಾಲ್ಕು ಜನಕ್ಕೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60.

ಗೃಹಜ್ಯೋತಿಯಲ್ಲಿ ನಿಮಗೆ ಸಿಗುವುದು ಸೀದಾ 200 ಯೂನಿಟ್ ಅಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಿರೋ ಅದಕ್ಕೆ ಶೇಕಡಾ 10 ಸೇರಿಸಿ ಬರುವಷ್ಟು. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಡುವುದೆಂದು 2024ರಲ್ಲಿ ಬದಲಾಯಿತು. ನಿಮ್ಮ ಸರಾಸರಿ 70 ಇದ್ದಿದ್ದರೆ 77ರವರೆಗೆ ಉಚಿತ. ಅದರ ಮೇಲೆ ಕಾಯಿಲಿನ 60 ಬಂದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳಂತೂ ಪೂರ್ತಿ ಬಿಲ್ ನಿಮ್ಮದೇ. ಯೂನಿಟ್ಟಿಗೆ ತೆರಿಗೆ ಸೇರಿ 6ರಿಂದ 7 ರೂಪಾಯಿ ಹಿಡಿದರೆ ಒಬ್ಬರ ಸ್ನಾನಕ್ಕೆ ಮೂರೂವರೆ ರೂಪಾಯಿಯ ಒಳಗೆ ಬೀಳುತ್ತದೆ.

ಗ್ಯಾಸ್ ಇದಕ್ಕಿಂತ ಅಗ್ಗವಲ್ಲ. 14.2 ಕೆ.ಜಿ. ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಾಖ ಇದೆ. ಆದರೆ ಒಲೆಯ ಉರಿಯಲ್ಲಿ ನೂರಕ್ಕೆ ಅರವತ್ತರಷ್ಟು ಮಾತ್ರ ಪಾತ್ರೆಗೆ ಹೋಗುತ್ತದೆ, ಉಳಿದದ್ದು ಅಡುಗೆಮನೆಗೆ. ಅಂದರೆ ಒಂದು ಸಿಲಿಂಡರ್ ಹೆಚ್ಚುಕಡಿಮೆ 110 ಯೂನಿಟ್ ಕರೆಂಟಿಗೆ ಸಮ. ನೀವು ಸಿಲಿಂಡರಿಗೆ ಕೊಡುವ ಬೆಲೆಯನ್ನು 110ರಿಂದ ಭಾಗಿಸಿ ನೋಡಿ. ಜೊತೆಗೆ ಕುದಿಯುವ ನೀರಿನ ಪಾತ್ರೆಯನ್ನು ಅಡುಗೆಮನೆಯಿಂದ ಬಚ್ಚಲಕ್ಕೆ ಹೊತ್ತೊಯ್ಯುವಾಗ ಮಕ್ಕಳ ಮೇಲೆ ಚೆಲ್ಲುವ ಭಯವೂ ಇದೆ.

ನಿಮ್ಮ ಮನೆಯಲ್ಲಿ ದುಡ್ಡು ಹೋಗುತ್ತಿರುವುದು ಬಹುಶಃ ಮರೆವಿನಿಂದ. ಸ್ವಿಚ್ ಹಾಕಿ ಚಹಾ ಕುಡಿಯುತ್ತ ಕೂತರೆ 42ಕ್ಕೆ ನಿಲ್ಲಬೇಕಾದ ನೀರು 80ಕ್ಕೆ ಹೋಗುತ್ತದೆ. ಆ ಒಂದೇ ಬಕೆಟ್ಟಿಗೆ ಇನ್ನೂ 0.9 ಯೂನಿಟ್ ಹೆಚ್ಚು. ಆಮೇಲೆ ಅದಕ್ಕೆ ತಣ್ಣೀರು ಬೆರೆಸಿ, ಉಳಿದ ಬಿಸಿನೀರು ಮೋರಿಗೆ. 1500 ವ್ಯಾಟ್ ಕಾಯಿಲಿಗೆ ಒಂದು ಬಕೆಟ್ 20 ನಿಮಿಷದ ಕೆಲಸ. ಮೊಬೈಲಿನಲ್ಲಿ ಅಲಾರಾಂ ಇಡಿ. ಮಧ್ಯಾಹ್ನವೇ ನೀರನ್ನು ಕೊಡದಲ್ಲಿ ತುಂಬಿ ಬಿಸಿಲಿಗಿಟ್ಟು ಸಂಜೆ ಸ್ನಾನ ಮಾಡುವವರಿಗೆ ಕಾಯಿಲೇ ಬೇಕಾಗುವುದಿಲ್ಲ. ಗಂಗಾವತಿಯ ಬಿಸಿಲು ಚಳಿಗಾಲದಲ್ಲೂ ಅಷ್ಟು ಕೆಲಸ ಮಾಡುತ್ತದೆ. ಸ್ವಂತ ಮನೆ, ಮೇಲೆ ಆರ್‌ಸಿಸಿ ಇದ್ದರೆ ಸೋಲಾರ್ ವಾಟರ್ ಹೀಟರ್ ಯೋಚಿಸಬಹುದು. ಆದರೆ ಬೋರ್‌ವೆಲ್ ನೀರು ಗಡಸು ಇದ್ದಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ, ಕೊಳ್ಳುವ ಮುಂಚೆ ನೀರು ಪರೀಕ್ಷೆ ಮಾಡಿಸಿ.

ಬೆಳಗ್ಗೆ ಆರು ಗಂಟೆಗೆ ಕಾಯಿಲ್ ಹಾಕಿದರೆ 40 ನಿಮಿಷ ಆದರೂ ನೀರು ಕಾಯುವುದಿಲ್ಲ. ಮಧ್ಯಾಹ್ನ 20 ನಿಮಿಷ ಸಾಕು. 2000 ವ್ಯಾಟ್‌ನದು ತರಲೇ?
— ಪ್ರಾಥಮಿಕ ಶಾಲಾ ಶಿಕ್ಷಕಿ, ಯಲಬುರ್ಗಾ

ಬೇಡ ಮೇಡಂ. ಕಾಯಿಲ್ ಸರಿಯಾಗಿಯೇ ಇದೆ, ವೋಲ್ಟೇಜ್ ಇಳಿದಿದೆ. ಬೆಳಗ್ಗೆ ಊರಿನವರೆಲ್ಲ ಒಟ್ಟಿಗೆ ಹಚ್ಚಿದಾಗ 230 ವೋಲ್ಟ್ ಇರಬೇಕಾದದ್ದು 170ಕ್ಕೆ ಬಂದರೆ ಕಾಯಿಲಿನ ಶಕ್ತಿ ಅದೇ ಪ್ರಮಾಣದಲ್ಲಿ ಅಲ್ಲ, ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. 1500 ವ್ಯಾಟ್‌ನದು 820 ವ್ಯಾಟ್ ಆಗಿಬಿಡುತ್ತದೆ. ಸಮಯ ಹೆಚ್ಚುಕಡಿಮೆ ಇಮ್ಮಡಿ, ಆದರೆ ಯೂನಿಟ್ ಬಹುತೇಕ ಅಷ್ಟೇ. ಬಿಲ್ಲಿಗೆ ಹೆದರಬೇಡಿ. ಬಕೆಟ್ಟಿನ ಮೇಲೆ ಕಟ್ಟಿಗೆಯ ಹಲಗೆ ಅರ್ಧ ಮುಚ್ಚಿದರೆ ಬೇಗ ಕಾಯುತ್ತದೆ. ದೊಡ್ಡ ಕಾಯಿಲ್ ತಂದರೆ ಲೈನ್ ಇನ್ನೂ ಇಳಿಯುತ್ತದೆ, ನಿಮಗೂ ಪಕ್ಕದ ಮನೆಗೂ.

ಒಂದು ಪರೀಕ್ಷೆ ಮಾಡಿ ನೋಡಿ. ಕಾಯಿಲಿನ ಸ್ವಿಚ್ ಹಾಕಿದ ಕೂಡಲೇ ನಿಮ್ಮ ಮನೆಯ ಬಲ್ಬ್ ಮಾತ್ರ ಮಂಕಾಗುತ್ತದೆಯೋ, ಓಣಿಯದೆಲ್ಲ ಮಂಕಾಗಿಯೇ ಇದೆಯೋ? ಓಣಿಯದೆಲ್ಲ ಆದರೆ ಟ್ರಾನ್ಸ್‌ಫಾರ್ಮರಿಗೆ ಹೊರೆ ಹೆಚ್ಚಾಗಿದೆ. ಓಣಿಯವರು ಸೇರಿ ಜೆಸ್ಕಾಂಗೆ ಅರ್ಜಿ ಕೊಡಿ, ಸಹಾಯವಾಣಿ 1912. ನಿಮ್ಮ ಮನೆಯದು ಮಾತ್ರ ಆದರೆ ಕಂಬದಿಂದ ಮೀಟರಿನವರೆಗೆ ಎಲ್ಲೋ ಜಾಯಿಂಟ್ ಸಡಿಲ. ಅಲ್ಲಿ ಬಿಸಿ ಏರಿ ತಂತಿ ಸುಡುತ್ತಿರಬಹುದು. ಒಂದು ಬಲ್ಬ್ ಮಂಕಾಗಿ ಇನ್ನೊಂದು ಕಣ್ಣು ಕುಕ್ಕುವಷ್ಟು ಉರಿದರೆ ನ್ಯೂಟ್ರಲ್ ಸಡಿಲ. ಆಗ ಮೇನ್ ಆರಿಸಿ, ಲೈನ್‌ಮನ್ ಬರುವವರೆಗೆ ಏನೂ ಹಚ್ಚಬೇಡಿ.

ಮಗಳು ಬಾಣಂತಿ, ಚೊಚ್ಚಲ. ಕೂಸು 2 ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಇದೆ. ತಗಡಿನ ಕೋಣೆ, ರಾತ್ರಿ ಥಂಡಿ. ನಮ್ಮ ಅತ್ತಿ ಹೊರಸಿನ ಕೆಳಗೆ ಕೆಂಡ ಇಡಬೇಕು ಅಂತಾರೆ. ಅಳಿಯಂದಿರು ರೂಮ್ ಹೀಟರ್ ತರ್ತೀನಿ ಅಂತಾರೆ. ಯಾವುದು ಸರಿ?
— ಭಾಗ್ಯನಗರ, ಕೊಪ್ಪಳ

ಅಮ್ಮಾ, ಕೆಂಡ ಬೇಡವೇ ಬೇಡ. ನಿಮ್ಮ ಅತ್ತೆಯವರ ಕಾಲದ ಮನೆಗಳಿಗೆ ಹೆಂಚಿನ ಸಂದು, ಮಾಳಿಗೆಯ ಬೆಳಕಿಂಡಿ ಇರುತ್ತಿದ್ದವು, ಗಾಳಿ ಆಡುತ್ತಿತ್ತು. ಈಗ ಥಂಡಿ ಬರಬಾರದೆಂದು ಕಿಟಕಿ ಸಂದಿಗೂ ಬಟ್ಟೆ ತುರುಕುತ್ತೇವೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಹೊಗೆಯಿಲ್ಲ. ಮಲಗಿದವರು ಮಲಗಿದ ಹಾಗೆಯೇ ಹೋಗುತ್ತಾರೆ. ಕರೆಂಟಿನ ಹೀಟರ್ ಈ ವಿಷಗಾಳಿ ಬಿಡುವುದಿಲ್ಲ, ಅಷ್ಟರ ಮಟ್ಟಿಗೆ ಅಳಿಯಂದಿರ ಮಾತು ಸರಿ. ಆದರೆ ಕೆಂಡ ಇಡುತ್ತಿದ್ದ ಜಾಗದಲ್ಲೇ, ಹೊರಸಿನ ಕೆಳಗೆ, ಹೀಟರ್ ಇಡುವ ಯೋಚನೆ ಯಾರಿಗೂ ಬರದಿರಲಿ. ನವಾರ, ಕೌದಿ, ಕೆಳಗೆ ಇಳಿಬಿದ್ದ ಸೀರೆಯ ಸೆರಗು, ಎಲ್ಲವೂ ಹತ್ತಿಕೊಳ್ಳುವಂಥವು. ಹಾಸಿಗೆಯಿಂದ, ಪರದೆಯಿಂದ, ತೊಟ್ಟಿಲಿನಿಂದ ಕನಿಷ್ಠ 3 ಅಡಿ ದೂರ. ಕೂಸಿನ ಒದ್ದೆ ಲಂಗೋಟಿಯನ್ನು ಅದರ ಮೇಲೆ ಒಣಹಾಕುವುದೂ ಬೇಡ.

ಯಾವ ಬಗೆಯದು? ಕೆಂಪಗೆ ಉರಿಯುವ ರಾಡ್ ಹೀಟರ್ ಎದುರಿಗಿರುವವರನ್ನು ಮಾತ್ರ ಕಾಯಿಸುತ್ತದೆ. ಕೂಸಿನ ಚರ್ಮಕ್ಕೆ ಅದು ಅತಿ. ಫ್ಯಾನ್ ಇರುವ ಬ್ಲೋವರ್ ಬೇಗ ಬಿಸಿ ಮಾಡುತ್ತದೆ, ಧೂಳೂ ಎಬ್ಬಿಸುತ್ತದೆ. ಎಣ್ಣೆ ತುಂಬಿದ ರೇಡಿಯೇಟರ್ ನಿಧಾನ, ದುಬಾರಿ, ಭಾರ. ಆದರೆ ಬೆಂಕಿಯ ಮೈ ಹೊರಗೆ ಇರುವುದಿಲ್ಲ, ಥರ್ಮೋಸ್ಟಾಟ್ ಇರುತ್ತದೆ. ಬಾಣಂತಿ ಕೋಣೆಗೆ ಕೊಳ್ಳುವುದಾದರೆ ಅದೇ. ಅಂಗಡಿಯವರು "ಇದು ಕರೆಂಟ್ ಕಡಿಮೆ ತಿನ್ನುತ್ತದೆ" ಎಂದರೆ ನಂಬಬೇಡಿ. ಒಂದು ಯೂನಿಟ್ ಕರೆಂಟಿನಿಂದ ಎಲ್ಲ ಹೀಟರ್‌ಗಳೂ ಕೊಡುವ ಶಾಖ ಒಂದೇ, ಬೆಲೆ ಎಷ್ಟೇ ಇರಲಿ.

ಖರ್ಚಿನ ಮಾತು. 1000 ವ್ಯಾಟ್‌ನ ಹೀಟರ್ ರಾತ್ರಿ 8 ತಾಸು ಉರಿದರೆ 8 ಯೂನಿಟ್. ಒಂದು ತಿಂಗಳಿಗೆ 240. ಅದೊಂದರಿಂದಲೇ 200 ದಾಟಿ ಆ ತಿಂಗಳ ಗೃಹಜ್ಯೋತಿ ಕೈ ತಪ್ಪುತ್ತದೆ. ತಗಡಿನ ಕೋಣೆಯಲ್ಲಿ ಇದರಲ್ಲಿ ಹೆಚ್ಚಿನದು ಮಾಡಿನಿಂದಲೇ ಹಾರಿಹೋಗುತ್ತದೆ. ತಗಡಿನ ಕೆಳಗೆ ಚಾಪೆ ಅಥವಾ ತೆಳು ಹಲಗೆಯ ಅಡಿಚಾವಣಿ ಕಟ್ಟಿಸಿ, ಬಾಗಿಲ ಕೆಳಸಂದು ಮುಚ್ಚಿ, ಮೇಲೆ ಒಂದು ಕಿಂಡಿ ತೆರೆದಿಡಿ. ಕೂಸಿಗೆ ಎಣ್ಣೆ ಹಚ್ಚುವ, ಬಟ್ಟೆ ಬದಲಿಸುವ ಹೊತ್ತಿಗೆ ಮುಂಚೆ ಅರ್ಧ ತಾಸು ಹೀಟರ್ ಹಚ್ಚಿ, ಎಲ್ಲರೂ ಮಲಗುವಾಗ ಆರಿಸಿ.

ಈಗ ನಿಜವಾಗಿ ಮುಖ್ಯವಾದದ್ದು. 2 ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ ಎಲ್ಲಕ್ಕಿಂತ ಒಳ್ಳೆಯ ಹೀಟರ್ ತಾಯಿಯ ಎದೆ. ಬರಿಮೈಗೆ ಬರಿಮೈ ತಾಗಿಸಿ, ಟೊಪ್ಪಿಗೆ, ಕಾಲುಚೀಲ ಹಾಕಿ, ಮೇಲೆ ಸೀರೆ ಅಥವಾ ಶಾಲು ಸುತ್ತಿ ಹಗಲು ರಾತ್ರಿ ಆದಷ್ಟು ಹೊತ್ತು ಇಟ್ಟುಕೊಳ್ಳುವುದು. ಕಾಂಗರೂ ತಾಯಿ ಆರೈಕೆ ಎನ್ನುವುದು ಇದನ್ನೇ. ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ತಲುಪಿಸುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆ ಸಂಯೋಜಿಸಿದ ಅಧ್ಯಯನಕ್ಕೆ ದೇಶದಲ್ಲಿ ಆರಿಸಿಕೊಂಡ ಜಾಗಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಆ ಕೆಲಸ ಮಾಡಿದರು. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ತೋರಿಸಿಕೊಡುತ್ತಾರೆ. ಬಾಣಂತಿಗೆ ದಣಿವಾದರೆ ಅಜ್ಜಿಯೂ ಇಟ್ಟುಕೊಳ್ಳಬಹುದು, ಅಪ್ಪನೂ. ನಿಮ್ಮ ಅತ್ತೆಯವರಿಗೆ ಕೆಂಡದ ಬದಲು ಈ ಕೆಲಸ ವಹಿಸಿ, ಮನಸ್ಸಿಟ್ಟು ಮಾಡುತ್ತಾರೆ.

ಕೂಸಿನ ಹೊಟ್ಟೆ, ಅಂಗಾಲು ಎರಡನ್ನೂ ಮುಟ್ಟಿ ನೋಡುತ್ತಿರಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಥಂಡಿ ಹತ್ತುತ್ತಿದೆ, ಕೂಡಲೇ ಎದೆಗೆ ತಗೊಳ್ಳಿ. ಎರಡೂ ತಣ್ಣಗಿದ್ದರೆ ತಡಮಾಡದೆ ಆಸ್ಪತ್ರೆಗೆ.

ಗಂಗಾವತಿಯಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಅಡುಗೆಗೆ ಇಟ್ಟ ಕಾಯಿಲ್ ಒಲೆಯನ್ನೇ ರಾತ್ರಿ ಚಳಿಗೆ ಹಚ್ಚಿಕೊಂಡು ಓದಬಹುದೇ? ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ದೇನೆ.
— ಪದವಿ ವಿದ್ಯಾರ್ಥಿ

ತಮ್ಮಾ, ಬೇಡ. ಮಣ್ಣಿನ ಬಿಲ್ಲೆಯ ಮೇಲೆ ತೆರೆದುಕೊಂಡಿರುವ ಆ ಸುರುಳಿಯಲ್ಲಿ ಕರೆಂಟ್ ಬರಿಮೈಯಲ್ಲೇ ಹರಿಯುತ್ತಿರುತ್ತದೆ. ನಿದ್ದೆಗಣ್ಣಿನಲ್ಲಿ ಪುಸ್ತಕ ಜಾರಿದರೂ ಬೆಂಕಿ, ಚಮಚ ಬಿದ್ದರೂ ಶಾಕ್. ಸಾಮಾನ್ಯ ಎಕ್ಸ್‌ಟೆನ್ಷನ್ ಬಾಕ್ಸ್ 6 ಆಂಪಿಯರಿನದು. 2000 ವ್ಯಾಟ್ ಒಲೆ ಎಳೆಯುವುದು ಸುಮಾರು 8.7 ಆಂಪಿಯರ್. ಕರೆಂಟ್ ಎರಡು ಪಟ್ಟಾದರೆ ಸಡಿಲ ಜಾಯಿಂಟಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಹತ್ತು ನಿಮಿಷ ಹಚ್ಚಿದ ಮೇಲೆ ಸ್ವಿಚ್ ಆರಿಸಿ ಪ್ಲಗ್ಗಿನ ಮೈ ಮುಟ್ಟಿ ನೋಡು. ಸುಡುತ್ತಿದ್ದರೆ, ಪಿನ್ ಸುತ್ತ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಂದೇ ಬಿಟ್ಟುಬಿಡು. 1000 ವ್ಯಾಟ್ ಮೀರಿದ ಯಾವುದಕ್ಕೂ 16 ಆಂಪಿಯರಿನ ಪವರ್ ಪಾಯಿಂಟ್, ಹಿಂದೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಇರಲೇಬೇಕು ಎಂದು ಮನೆ ಮಾಲೀಕರಿಗೆ ಹೇಳು. ಗಂಗಾವತಿಯ ಚಳಿಗೆ ಒಂದು ಸ್ವೆಟರ್, ಕಾಲಿಗೆ ಕೌದಿ ಸಾಕು. ಹಾಸ್ಟೆಲ್‌ಗಳಲ್ಲಿ ಬ್ಲೇಡ್ ಕಟ್ಟಿ ನೀರು ಕಾಯಿಸುವ ಹುಡುಗರು ನಿನ್ನ ಪರಿಚಯದಲ್ಲಿದ್ದರೆ ಅವರಿಗೂ ಇದನ್ನು ಓದಿಸು. ಅದರಲ್ಲಿ ಕರೆಂಟ್ ಸೀದಾ ನೀರಿನೊಳಗೇ ಹರಿಯುತ್ತದೆ.

ಕಾಯಿಲಿಗೆ ಬಿಳಿ ಪದರ ಕಟ್ಟಿದೆ, ಕೆರೆದು ತೆಗೆಯಬಹುದೇ? ಇದೇ ಕಾಯಿಲಿನಲ್ಲಿ ಕುಡಿಯುವ ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಯೇ?
— ತಾವರಗೇರಾ, ಕುಷ್ಟಗಿ ತಾಲ್ಲೂಕು

ಚಾಕುವಿನಿಂದ ಕೆರೆಯಬೇಡಿ, ಕೊಳವೆಯ ಮೇಲಿನ ಲೇಪ ಎದ್ದು ಬಿರುಕು ಬಿಡುತ್ತದೆ. ಹುಣಸೆ ಕಿವಿಚಿದ ನೀರಲ್ಲೋ ನಿಂಬೆರಸ ಬೆರೆಸಿದ ನೀರಲ್ಲೋ, ಪ್ಲಗ್ ಕಿತ್ತಿಟ್ಟು, ಕಾಯಿಲಿನ ಸುರುಳಿಯನ್ನಷ್ಟೇ ರಾತ್ರಿ ನೆನೆಹಾಕಿ. ಬೆಳಗ್ಗೆ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದರೆ ಬರುತ್ತದೆ. ಮೇಲಿನ ಹಿಡಿಕೆಯೊಳಗೆ ನೀರು ಹೋಗದಿರಲಿ. ಪದರ ದಪ್ಪವಾದಷ್ಟೂ ಬಿಸಿ ಒಳಗೇ ನಿಂತು ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ಗಡಸು ನೀರಿನ ಊರಲ್ಲಿ ಎರಡು ವಾರಕ್ಕೊಮ್ಮೆ ಮಾಡಬೇಕಾದ ಕೆಲಸ ಇದು.

ಕುಡಿಯುವ ನೀರಿಗೆ ಕಾಯಿಲ್ ಬೇಡ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಇದು ಮಿತಿ ಮೀರಿದೆ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೋ ನದಿ ಮೂಲದ ನಳದ ನೀರನ್ನೋ ಬಳಸಿ, ಮಕ್ಕಳ ಹಲ್ಲು ಬಣ್ಣಗೆಡುವ ಮುಂಚೆ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಹೀಟರ್ ಹಾಕಬಹುದೇ?
— ಕುಕನೂರು

ಆಗದು. ಮನೆಬಳಕೆಯ ಇನ್ವರ್ಟರ್ ಫ್ಯಾನ್, ಬಲ್ಬಿಗೆ ಮಾಡಿದ್ದು, ಅಷ್ಟು ಹೊರೆ ತಡೆಯದು. ಕರೆಂಟ್ ಹೋದ ಕೂಡಲೇ ಹೀಟರಿನ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಎಷ್ಟೋ ಅನಾಹುತ ಆಗುವುದು ಹೀಗೇ: ಕರೆಂಟ್ ಹೋಯಿತೆಂದು ಕಾಯಿಲ್ ಎತ್ತಿ ನೆಲಕ್ಕೋ ಖಾಲಿ ಬಕೆಟ್ಟಿಗೋ ಇಟ್ಟು ಹೊಲಕ್ಕೆ ಹೋಗಿರುತ್ತಾರೆ, ಕರೆಂಟ್ ಮರಳಿ ಬಂದಿರುತ್ತದೆ.

ಅಂಗಡಿಯಲ್ಲಿ ಏನು ನೋಡಿ ಕೊಳ್ಳಬೇಕು? ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಏನು ಮಾಡಬೇಕು?
— ಕಾರಟಗಿ

ಐಎಸ್‌ಐ ಗುರುತು ಇರಬೇಕು. ನೀರಿನ ಕಾಯಿಲಿಗಾದರೆ ಗುರುತಿನ ಮೇಲೆ ಐಎಸ್ 368 ಎಂದಿರುತ್ತದೆ. ಮೂರು ಪಿನ್ನಿನ ಅಚ್ಚಿನ ಪ್ಲಗ್, ಮುಳುಗಿಸಬೇಕಾದ ಮಟ್ಟದ ಗೆರೆ, ಬಕೆಟ್ಟಿನ ಅಂಚಿಗೆ ಸಿಕ್ಕಿಸುವ ಗಟ್ಟಿ ಕೊಕ್ಕೆ ನೋಡಿ. ರೂಮ್ ಹೀಟರಿಗಾದರೆ ವಾಲಿಬಿದ್ದರೆ ತಾನೇ ಆರುವ ಸ್ವಿಚ್ ಇರಬೇಕು, ಅಂಗಡಿಯಲ್ಲೇ ವಾಲಿಸಿ ತೋರಿಸಲು ಹೇಳಿ. ಬಿಲ್ ತಗೊಳ್ಳಿ.

ಶಾಕ್ ಹೊಡೆದವರನ್ನು ಕೈಯಿಂದ ಎಳೆಯಬೇಡಿ, ಒಬ್ಬರ ಹಿಂದೆ ಇನ್ನೊಬ್ಬರು ಹೋಗುವುದು ಹೀಗೆಯೇ. ಮೊದಲು ಮೇನ್ ಆರಿಸಿ. ಮೇನ್ ಸಿಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಕಟ್ಟಿಗೆಯಿಂದ ತಂತಿ ದೂರ ತಳ್ಳಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಸಲದಂತೆ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬಿದ್ದವರು ಎದ್ದು ಕೂತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ, ಕರೆಂಟಿನ ಹೊಡೆತಕ್ಕೆ ಹೃದಯದ ಬಡಿತ ಏರುಪೇರಾದದ್ದು ಹೊರಗೆ ಕಾಣುವುದಿಲ್ಲ.